ಸಿಟ್ಟಿಲ್ಲದ ಖಳನಾಯಕ

ಇದರಲ್ಲಿ ನಡೆದದ್ದು ಎಷ್ಟು, ಆಮೇಲೆ ನಾನು ಸೇರಿಸಿಕೊಂಡದ್ದು ಎಷ್ಟು ಎಂದು ನನಗೆ ಖಚಿತವಾಗಿ ಗೊತ್ತಿಲ್ಲ. ಮೇಷ್ಟ್ರು ಆಡಿದರು ಎಂದು ಮುಂದೆ ಬರೆಯಲಿರುವ ಮಾತುಗಳಲ್ಲಿ ಕೆಲವನ್ನು ಅವರು ನಿಜವಾಗಿ ಆಡಿದ್ದರೋ, ಅಥವಾ ಆಡಿರಬೇಕು ಎಂದು ಇಷ್ಟು ವರ್ಷ ಅಂದುಕೊಂಡು ಅಂದುಕೊಂಡು ನಾನೇ ಅವರ ಬಾಯಿಗೆ ಹಾಕಿದೆನೋ... ಹೇಳಲಾರೆ. ಆಧಾರವಿಲ್ಲದ ಮಾತು ಬರೆಯಬೇಡಿ ಎಂದು ತರಗತಿಯಲ್ಲಿ ದಿನಾ ಹೇಳುವವನು ನಾನು. ಈ ಬರಹದ ಬಹುಪಾಲಿಗೆ ನನ್ನ ಬಳಿ ಇರುವ ಆಧಾರ ಒಂದು ವಾಸನೆ ಮಾತ್ರ.

ಕಳೆದ ಸಲದ ಪರೀಕ್ಷೆಗಳ ಹೊತ್ತಿನಲ್ಲಿ, ಚಿಂತಾಮಣಿಯ ನಮ್ಮ ಕಾಲೇಜಿನಲ್ಲಿ ಕೊಠಡಿಗಳು ಸಾಲದೆ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲೂ ಮಕ್ಕಳನ್ನು ಕೂರಿಸಿದ್ದರು. ಮೇಲ್ವಿಚಾರಣೆಗೆ ನನ್ನನ್ನು ಹಾಕಿದ್ದರು. ಇಂಗ್ಲಿಷ್ ಪಾಠ ಮಾಡುವ ನನಗೆ ಆ ಕೊಠಡಿಯೊಳಗೆ ಮೂರು ಗಂಟೆ ಕಳೆಯುವ ಪ್ರಸಂಗ ಅದುವರೆಗೆ ಬಂದಿರಲಿಲ್ಲ. ಗೋಡೆಯುದ್ದಕ್ಕೂ ಗಾಜಿನ ಜಾಡಿಗಳು. ಒಳಗೆ ಬಣ್ಣ ಕಳೆದುಕೊಂಡ ಹಾವು, ಕಪ್ಪೆ, ಚೇಳು. ಯಾವುದೋ ಜಾಡಿಯ ಮುಚ್ಚಳ ಸಡಿಲವಾಗಿತ್ತು. ಫಾರ್ಮಲಿನ್ ವಾಸನೆ ಮೂಗಿಗೆ ಹತ್ತಿ ಕಣ್ಣು ಉರಿಯಿತು. ಆಗ ನನಗೆ ನೆನಪಾದದ್ದು ಒಂದು ಕಥೆಯ ಹಸ್ತಪ್ರತಿ. ಉದ್ದ ನೋಟ್‌ಬುಕ್ಕಿನಿಂದ ಬಿಡಿಸಿದ ಹಾಳೆಗಳು, ಅಂಚಿಗೆ ಬಿಳಿ ದಾರದ ಹೊಲಿಗೆ, ನೀಲಿ ಶಾಯಿ. ಆ ಹಾಳೆಗಳಿಗೆ ಇದೇ ವಾಸನೆ ಇತ್ತು. ಹದಿನಾರೋ ಹದಿನೇಳೋ ವರ್ಷದ ಹಿಂದೆ ಮೂಗಿನ ಹತ್ತಿರ ಹಿಡಿದು, ಇದು ಎಲ್ಲಿಂದ ಬಂದ ಕಾಗದ ಎಂದು ನಾನು ಅನುಮಾನಪಟ್ಟಿದ್ದೆ. ಆಗ ನನಗೆ ಎಲ್ಲದರ ಮೇಲೂ ಅನುಮಾನ. ಈಗಲೂ ಹೆಚ್ಚು ಬದಲಾಗಿಲ್ಲ, ಅನುಮಾನಿಸುವ ದಿಕ್ಕು ಬದಲಾಗಿದೆ.

ಆ ಕಥೆ ಬರೆದವರು ಗೌರಿಬಿದನೂರಿನ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಹೇಳಿಕೊಟ್ಟವರು. ಊರಿನಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು, ನಾವು ಎದುರಿಗೆ ಸಾರ್ ಎನ್ನುತ್ತಿದ್ದೆವು. ಎತ್ತರದ ಆಳು, ತೆಳ್ಳಗಿನ ಮೀಸೆ, ತೋಳು ಮಡಿಸಿದ ಬಿಳಿ ಶರಟು. ಅವರ ಸ್ವಂತ ಊರು ಶಿಡ್ಲಘಟ್ಟದ ಹತ್ತಿರದ ಮೇಲೂರು. ಜಮೀನಿತ್ತು, ತಮ್ಮ ನೋಡಿಕೊಳ್ಳುತ್ತಿದ್ದ. ಶನಿವಾರ ಮಧ್ಯಾಹ್ನ ಬ್ಯಾಗು ಹಿಡಿದು ಬಸ್ ಹತ್ತಿದರೆ ಸೋಮವಾರ ಬೆಳಗ್ಗೆ ಮೊದಲ ಪೀರಿಯಡ್ಡಿಗೆ ನೇರ ಬಸ್ಸಿನಿಂದಲೇ ಬರುತ್ತಿದ್ದರು.

ಒಂಬತ್ತನೇ ತರಗತಿಯಲ್ಲಿ ಒಂದು ದಿನ ಕನ್ನಡ ಪಂಡಿತರು ಬಾರದೆ ಆ ಪೀರಿಯಡ್ಡಿಗೆ ಇವರು ಬಂದರು. ನೂರು ವರ್ಷದ ಮುಂದಿನ ಒಂದು ಕಥೆ ಬರೆಯಿರಿ ಎಂದರು. ನಾನು ಬರೆದದ್ದು ಸೂರ್ಯನನ್ನು ಕದಿಯುವ ಒಬ್ಬ ಹುಚ್ಚು ವಿಜ್ಞಾನಿಯ ಕಥೆ. ಪುಟಕ್ಕೆ ಎರಡು ಸಲವಾದರೂ ಅವನು ಗಹಗಹಿಸಿ ನಗುತ್ತಿದ್ದ. ಮೇಷ್ಟ್ರು ಅದನ್ನು ಇಡೀ ತರಗತಿಗೆ ಓದಿದರು.

"ಸೂರ್ಯನ್ನ ಕದ್ದು ಇವ್ನು ಏನ್ ಮಾಡ್ತಾನಪ್ಪ?"

"ಜಗತ್ತನ್ನ ಆಳ್ತಾನೆ ಸಾರ್."

"ಜಗತ್ತು ಆಮೇಲಿರ್ಲಿ. ಮೊದ್ಲು ನಮ್ಮೂರ ಬಸ್ ಸ್ಟ್ಯಾಂಡ್ ಆಳಿ ತೋರಿಸ್ಲಿ, ನೋಡಣ."

ತರಗತಿ ಬಿದ್ದು ಬಿದ್ದು ನಕ್ಕಿತು. ಪುಸ್ತಕ ವಾಪಸು ಕೊಡುವಾಗ ಅವರು ನನಗೊಬ್ಬನಿಗೇ ಕೇಳುವಂತೆ ಇನ್ನೊಂದು ಮಾತು ಹೇಳಿದರು: "ಕೆಟ್ಟವನಿಗೆ ನಮ್ಮ ಮೇಲೆ ಸಿಟ್ಟು ಇರ್ಲೇಬೇಕು ಅಂತ ಯಾರ್ ಹೇಳಿದ್ರೋ ನಿಂಗೆ?"

ಹೇಳಿದರು ಎಂದು ಬರೆದೆ. ಆದರೆ ಇದೇ ಪ್ರಶ್ನೆ ನನ್ನ ಸಂಶೋಧನಾ ಪ್ರಬಂಧದ ಎರಡನೇ ಅಧ್ಯಾಯದ ಮೊದಲ ಸಾಲು, ಇಂಗ್ಲಿಷಿನಲ್ಲಿ. ಅವರಿಂದ ಪ್ರಬಂಧಕ್ಕೆ ಬಂತೋ, ಪ್ರಬಂಧದಿಂದ ಅವರ ಬಾಯಿಗೆ ಹೋಯಿತೋ... ಬಸ್ ಸ್ಟ್ಯಾಂಡಿನ ಮಾತು ಮಾತ್ರ ಅವರದೇ. ಅಂಥ ತಮಾಷೆ ನನಗೆ ಹುಟ್ಟುವುದಿಲ್ಲ.

ಆ ಪ್ರಬಂಧ ಬರೆದದ್ದು ವಿಜ್ಞಾನ ಕಥೆಗಳ ಖಳರ ಮೇಲೆ. ನನ್ನ ವಾದ ಸರಳ. ಹಳೆಯ ಖಳನಿಗೆ ಒಂದು ಆಸೆ ಇರುತ್ತಿತ್ತು: ಚಿನ್ನ, ಸಿಂಹಾಸನ, ಸೇಡು. ಅವನನ್ನು ಸೋಲಿಸಲು ಅವನ ಆಸೆ ಗೊತ್ತಾದರೆ ಸಾಕಿತ್ತು. ಹೋದ ಶತಮಾನದಲ್ಲಿ ಪಶ್ಚಿಮದ ಭಯಾನಕ ಕಥೆಗಳ ಒಂದು ಜಾಡು ಹುಟ್ಟಿತು. ಅದನ್ನು ಕಾಸ್ಮಿಕ್ ಹಾರರ್ ಎನ್ನುತ್ತಾರೆ. ನಾನು ನನ್ನ ಮಟ್ಟಿಗೆ ಬ್ರಹ್ಮಾಂಡಭಯ ಎಂದುಕೊಂಡಿದ್ದೆ. ಅಲ್ಲಿ ನಕ್ಷತ್ರಗಳ ಆಚೆಯಿಂದ ಬಂದ ಜೀವಿಗಳು ಎಷ್ಟು ಹಳೆಯವು, ಎಷ್ಟು ದೊಡ್ಡವು ಎಂದರೆ ಅವುಗಳ ಲೆಕ್ಕದಲ್ಲಿ ಮನುಷ್ಯ ಇಲ್ಲವೇ ಇಲ್ಲ. ಅವು ನಮ್ಮನ್ನು ದ್ವೇಷಿಸುವುದಿಲ್ಲ, ಗಮನಿಸುವುದೂ ಇಲ್ಲ. ಅಂಥದ್ದೊಂದು ಇದೆ ಎಂದು ತಿಳಿದವನಿಗೆ ಹುಚ್ಚು ಹಿಡಿಯುತ್ತದೆ. ಈ ಜೀವಿಗಳು ಮೆಲ್ಲಗೆ ವಿಜ್ಞಾನ ಕಥೆಗಳೊಳಗೆ ನುಸುಳಿ ಅಲ್ಲಿನ ಖಳನನ್ನೇ ಬದಲಿಸಿಬಿಟ್ಟವು. ಅವನು ಮನುಷ್ಯರೂಪ ಕಳಚಿದ, ಮಾತು ಬಿಟ್ಟ, ನಗುವುದನ್ನು ನಿಲ್ಲಿಸಿದ. ಗ್ರಹದಷ್ಟು ದೊಡ್ಡ ಸಮುದ್ರವಾದ, ಎಲ್ಲಿಂದಲೋ ಬರುವ ಸಂಕೇತವಾದ, ಕಾರಣ ಹೇಳದ ಯಂತ್ರವಾದ. ಇದೆಲ್ಲ ಈಗ ಎಲ್ಲರಿಗೂ ಗೊತ್ತಿರುವ ವಿಷಯ. ಆಗ ನಮ್ಮ ಕಡೆ ಇದನ್ನು ಕೇಳಿಸಿಕೊಳ್ಳಲು ಒಬ್ಬರೂ ಇರಲಿಲ್ಲ, ಮೇಷ್ಟ್ರನ್ನು ಬಿಟ್ಟರೆ.

ಅವರು ಅಷ್ಟರಲ್ಲಿ ನಿವೃತ್ತರಾಗಿ ಮೇಲೂರಿಗೆ ಹೋಗಿ ಸೇರಿದ್ದರು. ನಾನು ಗೌರಿಬಿದನೂರಿನಿಂದ ಬಸ್ ಹಿಡಿದು, ಮಂಚೇನಹಳ್ಳಿಯಲ್ಲಿ ಕಡಲೆಕಾಯಿ ಕೊಂಡು, ಚಿಕ್ಕಬಳ್ಳಾಪುರದಲ್ಲೊಮ್ಮೆ ಶಿಡ್ಲಘಟ್ಟದಲ್ಲೊಮ್ಮೆ ಇಳಿದು ಹತ್ತಿ, ಬೆವರಿ ಅವರ ಮನೆ ತಲುಪುತ್ತಿದ್ದೆ. ಅವರ ಹೆಂಡತಿಯನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ. ಆಕೆಯ ತವರು ಆಂಧ್ರದ ಗಡಿ ಕಡೆಯದು. ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. "ಏಮಪ್ಪಾ, ಬಾಗುನ್ನಾವಾ?" ಎಂದು ಕ್ಷೇಮ ಕೇಳಿ, ಮರುಕ್ಷಣವೇ ಕೈ ಅಡ್ಡ ಹಿಡಿಯುತ್ತಿದ್ದರು: "ಅಲ್ಲೇ, ಅಲ್ಲೇ. ಜಗಲಿ ಮೇಲೆ ಕೂತ್ಕೋ. ಏನು ಸೆಂಟು ಬಳ್ಕೊಂಡು ಬಂದಿದ್ದೀಯ, ಮದುವೆಗೆ ಹೊರಟಂಗೆ!"

ಮನೆಯ ಪಕ್ಕದಲ್ಲೇ ಅವರ ಹುಳು ಮನೆ. ರೇಷ್ಮೆ ಹುಳು ಸಾಕುವವರ ಮನೆಗಳಲ್ಲಿ ಇದೊಂದು ಕಟ್ಟುನಿಟ್ಟು. ಹೊರಗಿನವರನ್ನು ಆ ಕೋಣೆಯ ಹತ್ತಿರ ಬಿಡುವುದಿಲ್ಲ. ಹೊರಗಿನ ಕಾಲಿನ ಜೊತೆ ರೋಗ ಬರುತ್ತದೆ, ಕಣ್ಣು ಬೀಳುತ್ತದೆ, ಸೆಂಟು ಬೀಡಿಗಳ ವಾಸನೆ ಹುಳುವಿಗೆ ಆಗುವುದಿಲ್ಲ. ಒಳಗೆ ಹೋಗುವ ಮನೆಯವರೂ ಕಾಲು ತೊಳೆದೇ ಹೋಗಬೇಕು. ಬಾಗಿಲಿಗೆ ಒಂದು ಗೋಣಿ ಪರದೆ ಇಳಿಬಿಟ್ಟಿರುತ್ತಿತ್ತು. ಮೇಷ್ಟ್ರು ಆ ಪರದೆ ಸರಿಸಿ ಹೊರಗೆ ಬರುತ್ತಿದ್ದರು, ಕೈ ತೊಳೆದು ಜಗಲಿಗೆ ಬಂದು ಕೂರುತ್ತಿದ್ದರು. ಎಷ್ಟೋ ಸಲ ಅವರ ಕಂಕುಳಲ್ಲಿ ಒಂದು ನೋಟ್‌ಬುಕ್ ಇರುತ್ತಿತ್ತು. ಹುಳು ಸಾಕುವ ಕೋಣೆಯಲ್ಲಿ ನೋಟ್‌ಬುಕ್ಕಿಗೆ ಏನು ಕೆಲಸ? ಒಳಗೆ ಹುಳುಗಳ ಜೊತೆ ಇನ್ನೇನೋ ಇದೆ ಎಂದು ನನಗೆ ಗುಮಾನಿ ಹತ್ತಿತು. ನನ್ನ ಕಲ್ಪನೆಯಲ್ಲಿ ಅದೊಂದು ತಗಡಿನ ಪೆಟ್ಟಿಗೆ, ಅದರ ತುಂಬ ಇಂಗ್ಲಿಷ್ ಪುಸ್ತಕ. ವಿಶ್ವವಿದ್ಯಾಲಯದಲ್ಲಿ ಓದಿದವನಿಗೆ, ಪುಸ್ತಕವಿಲ್ಲದೆ ಒಬ್ಬ ಮನುಷ್ಯ ಇಷ್ಟು ಚುರುಕಾಗಿ ಮಾತಾಡಬಲ್ಲ ಎಂದು ನಂಬುವುದು ಕಷ್ಟ.

ಮಾತು ಎಂಥದು ಎಂದರೆ, ಒಂದು ಸಲ ನಾನು ಆ ಆಕಾಶದಾಚೆಯ ಜೀವಿಗಳ ಬಗ್ಗೆ ಅರ್ಧ ಗಂಟೆ ವಿವರಿಸಿದೆ.

"ಹುಚ್ಚು ಯಾಕಪ್ಪ ಹಿಡಿಯತ್ತೆ ಅವ್ನಿಗೆ?" ಎಂದರು.

"ತನಗೆ ಬೆಲೆನೇ ಇಲ್ಲ ಅಂತ ಗೊತ್ತಾಗಿ ಸಾರ್."

"ಅಷ್ಟಕ್ಕೇನಾ! ಹಂಗಿದ್ರೆ ನಮ್ಮ ಸ್ಟಾಫ್ ರೂಮಲ್ಲಿ ಎಲ್ಲಾರ್ಗೂ ಹಿಡೀಬೇಕಿತ್ತು."

ಅಮ್ಮ ಒಳಗಿನಿಂದ, "ನಿಮ್ಗೆ ಹಿಡಿದಿದ್ದು ಯಾರಿಗೆ ಗೊತ್ತಿಲ್ಲ" ಎಂದರು. ಮೇಷ್ಟ್ರು ನಕ್ಕು ಹೇಳಿದರು: "ಕಾಣದೆ ತುಳಿಯೋನು ಏನು ದೊಡ್ಡ ವಿಲನ್ ಕಣೋ. ಕಂಡು, ದಿನಾ ಕೈಯಾರೆ ಸಾಕಿ, ಆಮೇಲೆ..." ಮಾತು ಅಲ್ಲಿಗೇ ನಿಂತಿತು. ಸೊಪ್ಪು ಹಾಕುವ ಹೊತ್ತಾಯಿತೆಂದು ಎದ್ದು ಹೋದರು. ಅವರು ಹಾಗೆ ಮಧ್ಯದಲ್ಲಿ ಎದ್ದು ಹೋದದ್ದು ಏನನ್ನೋ ಮುಚ್ಚಿಡಲು ಎಂದು ನನಗೆ ಅನ್ನಿಸಿತು.

ಆ ವರ್ಷವೇ ಒಂದು ಕನ್ನಡ ಪತ್ರಿಕೆ ವಿಜ್ಞಾನ ಕಥೆಗಳ ವಿಶೇಷಾಂಕ ತರುವುದಾಗಿ ಪ್ರಕಟಿಸಿತು. ಸಂಪಾದಕರಿಗೆ ನನ್ನ ಪ್ರಬಂಧದ ವಿಷಯ ಗೊತ್ತಿತ್ತು. ಒಳ್ಳೆಯ ಕಥೆ ಸಿಕ್ಕರೆ ಕಳಿಸಿ, ಜೊತೆಗೆ ನಿಮ್ಮ ಅಭಿಪ್ರಾಯವನ್ನೂ ಬರೆಯಿರಿ ಎಂದಿದ್ದರು. ಮೇಷ್ಟ್ರಿಗೆ ಹೇಳಿದೆ. ಎರಡು ತಿಂಗಳಾದ ಮೇಲೆ ಜಗಲಿಯಲ್ಲಿ ಆ ದಾರ ಹೊಲಿದ ಹಾಳೆಗಳನ್ನು ನನ್ನ ಕೈಯಲ್ಲಿಟ್ಟರು. ಅರವತ್ತು ದಾಟಿದ ಮನುಷ್ಯ, ಹೈಸ್ಕೂಲಿನ ಹುಡುಗ ಹೋಂವರ್ಕ್ ಒಪ್ಪಿಸಿದ ಹಾಗೆ ನಿಂತೇ ಇದ್ದರು.

"ಇದೊಂದೇ ಪ್ರತಿ ಕಣಪ್ಪ. ಬಸ್ಸಲ್ಲಿ ಮರ್ತುಬಿಟ್ಟೀಯ. ಮೊದ್ಲೇ ನೀನು ಕೊಡೆ ಬಿಟ್ಟು ಹೋಗೋ ಗಿರಾಕಿ."

"ಅಚ್ಚಾದ್ರೆ ಸಾಕಂತೆ, ಆಮೇಲೆ ಊಟನೂ ಬೇಡ್ವಂತೆ ನಿಮ್ಮ ಸಾರಿಗೆ," ಎಂದರು ಅಮ್ಮ.

ಬಸ್ಸಿನಲ್ಲೇ ಓದಿ ಮುಗಿಸಿದೆ. ಕಥೆ ಇಷ್ಟು. ನಮ್ಮ ಕಡೆಯಂಥದೇ ಒಂದು ಸಣ್ಣ ಊರು. ಒಂದು ಮಧ್ಯಾಹ್ನ ಬೇರೆ ಊರಿನಿಂದ ಬಂದ ಬಸ್ ಕಂಡಕ್ಟರ್ ಇಳಿದು ನೋಡುತ್ತಾನೆ: ಊರಿನ ಜನರೆಲ್ಲ ಎಲ್ಲಿದ್ದವರು ಅಲ್ಲೇ ತಲೆ ಎತ್ತಿ ನಿಂತಿದ್ದಾರೆ. ಮಾತಿಲ್ಲ, ಚಲನೆಯಿಲ್ಲ. ಕಣ್ಣು ತೆರೆದಿದೆ, ಏನನ್ನೂ ನೋಡುತ್ತಿಲ್ಲ. ನೋವಿನ ಗುರುತೂ ಇಲ್ಲ. ಮೇಲಿನಿಂದ ಸಣ್ಣಗೆ ಬಿಳಿ ಪುಡಿ ಬೀಳುತ್ತಿದೆ. ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಅವರು ತಲೆ ಇಳಿಸುತ್ತಾರೆ, ಏನೂ ನೆನಪಿಲ್ಲ, ವಿಪರೀತ ಹಸಿವು. ಹೀಗೆ ನಾಲ್ಕು ಸಲ ನಡೆಯುತ್ತದೆ. ಪ್ರತಿ ಸಲವೂ ಊರಿನ ರೋಗಿಗಳು ಕೆಲವರು ಕಾಣೆಯಾಗುತ್ತಾರೆ. ಉಳಿದವರು ಇನ್ನಷ್ಟು ಆರೋಗ್ಯವಾಗುತ್ತಾರೆ. ಅವರು ತಲೆ ಎತ್ತಿ ನಿಂತಾಗಲೆಲ್ಲ ಗಾಳಿ ನಿಲ್ಲುತ್ತದೆ, ಸದ್ದು ಅಡಗುತ್ತದೆ. ಯಾರೋ ಅವರ ನೆಮ್ಮದಿ ಕೆಡದ ಹಾಗೆ ಕಾಯುತ್ತಿದ್ದಾರೆ ಅನ್ನಿಸುತ್ತದೆ. ಕಾಯುತ್ತಿರುವುದು ಏನು ಎಂದು ಕಥೆ ಹೇಳುವುದಿಲ್ಲ. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ, ಬಹಳ ಅಕ್ಕರೆ ಇದೆ ಎಂದು ಕಂಡಕ್ಟರಿಗೆ ಗೊತ್ತಾಗುತ್ತದೆ. ಇಷ್ಟು ಅಕ್ಕರೆ ಯಾತಕ್ಕಾಗಿ ಎಂಬ ಪ್ರಶ್ನೆ ಅವನಿಗೆ ಹುಟ್ಟುವಲ್ಲಿ ಕಥೆ ಮುಗಿಯುತ್ತದೆ.

ಚಿಕ್ಕಬಳ್ಳಾಪುರದಲ್ಲಿ ಬಸ್ ಇಳಿದು ಕೊನೆಯ ಪುಟವನ್ನು ಇನ್ನೊಮ್ಮೆ ಓದಿದೆ. ನಾನು ಮೂರು ವರ್ಷದಿಂದ ಅಡಿಟಿಪ್ಪಣಿ ಹಾಕಿ ಹೇಳಲು ಹೆಣಗುತ್ತಿದ್ದುದನ್ನು ಅವರು ಇಪ್ಪತ್ತು ಪುಟದಲ್ಲಿ ಮುಗಿಸಿದ್ದರು. ಮೊದಲು ಬಂದ ಯೋಚನೆ ಮೆಚ್ಚುಗೆಯದಲ್ಲ. ನಾನು ಹೇಳಿದ್ದನ್ನೇ ಕಥೆ ಮಾಡಿದ್ದಾರೆ ಎಂಬುದು ಮೊದಲ ಯೋಚನೆ. ಮಂಚೇನಹಳ್ಳಿ ದಾಟುವ ಹೊತ್ತಿಗೆ ಅದೂ ಸಾಲದಾಯಿತು. ಏಕೆಂದರೆ ತಲೆ ಎತ್ತಿ ನಿಂತ ಊರನ್ನು ನಾನು ಅವರಿಗೆ ಹೇಳಿರಲಿಲ್ಲ. ಆದರೂ ಅದನ್ನು ಎಲ್ಲೋ ಓದಿದ್ದೇನೆ ಎಂದು ಬಲವಾಗಿ ಅನ್ನಿಸಿತು. ಇಂಥ ವಿಚಿತ್ರ, ಇಂಥ ಅಮಾನುಷ ಚಿತ್ರ ಮೇಲೂರಿನ ಜಗಲಿಯಲ್ಲಿ ಹುಟ್ಟುವುದಿಲ್ಲ. ಯಾವುದೋ ಇಂಗ್ಲಿಷ್ ಸಂಕಲನ... ಪರದೆಯ ಹಿಂದಿನ ಪೆಟ್ಟಿಗೆ...

ಮುಂದಿನ ಸಲ ಹೋದಾಗ ಸುಮ್ಮನೆ ಕೇಳಿದ ಹಾಗೆ ಕೇಳಿದೆ, ಆ ತಲೆ ಎತ್ತೋದು ಎಲ್ಲಿ ಓದಿದ್ರಿ ಸಾರ್ ಎಂದು.

"ಓದಿದ್ದಲ್ಲಪ್ಪ, ನೋಡಿದ್ದು," ಎಂದರು.

ಸಿನಿಮಾ ಇರಬೇಕು ಎಂದುಕೊಂಡೆ. ಕದ್ದದ್ದು ಖಚಿತವಾಯಿತು. ಏನು ನೋಡಿದ್ದು ಎಂದು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ಅನುಮಾನ ಇರುವವನು ಉತ್ತರ ಸಿಕ್ಕಿಬಿಟ್ಟೀತು ಎಂದು ಹೆದರುತ್ತಾನೆ. ಇದು ನಾನು ನನ್ನನ್ನೇ ನೋಡಿ ಕಲಿತದ್ದು.

ಹಸ್ತಪ್ರತಿಯನ್ನು ಪತ್ರಿಕೆಗೆ ಕಳಿಸಿದೆ, ಜೊತೆಗೆ ಒಂದು ಪತ್ರ. ಕಥೆ ಚೆನ್ನಾಗಿದೆ, ಆದರೆ ಮೂಲ ವಿದೇಶಿ ಎಂಬ ಅನುಮಾನ ನನಗಿದೆ, ಮುಖ್ಯ ಸನ್ನಿವೇಶವನ್ನು ಹಿಂದೆ ಓದಿದ ನೆನಪಿದೆ, ಎಂಬ ಅರ್ಥದ ಮೂರು ಸಾಲು. ಅಥವಾ ಫೋನಿನಲ್ಲಿ ಹೇಳಿದೆನೋ? ಬಹಳ ವರ್ಷ ನಾನು ಅದನ್ನು ಫೋನಿನಲ್ಲಿ, ಮಾತಿನ ನಡುವೆ, ಹಗುರವಾಗಿ ಹೇಳಿದೆ ಎಂದೇ ನಂಬಿಕೊಂಡಿದ್ದೆ. ಈಗ ಯೋಚಿಸಿದರೆ ಲಕೋಟೆಗೆ ಅಂಟು ಹಚ್ಚಿದ್ದು ನೆನಪಾಗುತ್ತದೆ. ಆ ನೆನಪೂ ಹಸ್ತಪ್ರತಿಯ ಲಕೋಟೆಯದ್ದೇ ಇರಬಹುದು...

ಕಥೆ ಒಂದು ಚೀಟಿಯೊಂದಿಗೆ ನೇರ ಮೇಲೂರಿಗೆ ವಾಪಸು ಹೋಯಿತು. ನಾನು ಅಲ್ಲಿಗೆ ಹೋಗಿದ್ದಾಗ ಮೇಷ್ಟ್ರು ಚೀಟಿ ತೋರಿಸಿದರು. ಸ್ವಂತ ರಚನೆಗಳನ್ನು ಮಾತ್ರ ಪರಿಗಣಿಸಲಾಗುವುದು ಎಂದಿತ್ತು. ಅದನ್ನು ಅವರು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದರು.

"ಯಾವ ಮೂಲ ಅಂತ ಬರೆದಿದ್ರೆ ಚೆನ್ನಾಗಿತ್ತು," ಎಂದರು. "ನಾನೂ ಒಂದ್ಸಲ ಓದ್ತಿದ್ದೆ. ಹಿಂಗೇ ಇನ್ನೊಬ್ರಿಗೂ ಅನ್ಸಿದೆ ಅಂದ್ರೆ... ಯಾರಿರ್ಬೋದು ಅಂತ."

ಅದು ಚುಚ್ಚುಮಾತೇ ಎಂದು ಅವರ ಮುಖ ನೋಡಿದೆ. ಅಲ್ಲ. ನಿಜವಾದ ಕುತೂಹಲ. ದೂರದ ದೇಶದಲ್ಲಿ ತನ್ನಂತೆಯೇ ಯೋಚಿಸಿದ ಒಬ್ಬನಿದ್ದಾನೆ ಎಂಬ ಸಣ್ಣ ಸಂತೋಷ ಕೂಡ ಅಲ್ಲಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಕಂಡದ್ದು ಸಿಕ್ಕಿಬಿದ್ದವನ ನಟನೆ. ನಾನು ಕಾಫಿ ಕುಡಿದು, ಪತ್ರಿಕೆಯವರೇ ಹಾಗೆ ಸಾರ್, ಎಂದೆ. ಈ ಮಾತು ಮಾತ್ರ ನಾನು ಆಡಿದ್ದು ನಿಜ. ಇದನ್ನು ಮರೆಯಲು ಮಾಡಿದ ಯಾವ ಪ್ರಯತ್ನವೂ ಫಲಿಸಿಲ್ಲ.

ಅದಾದ ಮೇಲೆ ನಾನು ಹೋಗುವುದು ಕಡಿಮೆಯಾಯಿತು. ಪ್ರಬಂಧ ಮುಗಿಯಿತು, ಚಿಂತಾಮಣಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಮೇಲೂರು ಗೌರಿಬಿದನೂರಿಗಿಂತ ಹತ್ತಿರ, ಆದರೂ ಹೋಗಲಿಲ್ಲ. ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಿಥಿ ಮುಗಿದ ಮೇಲೆ, ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ. ಎರಡು ಕೈಮುಗಿದ ಚಿತ್ರ ಒತ್ತಿ ಕಳಿಸಿದೆ.

ಫಾರ್ಮಲಿನ್ ವಾಸನೆ ಹತ್ತಿದ ಮರುವಾರ ಮೇಲೂರಿಗೆ ಹೋದೆ. ಅಮ್ಮ ಮೈದುನನ ಸಂಸಾರದ ಜೊತೆ ಗಟ್ಟಿಮುಟ್ಟಾಗಿಯೇ ಇದ್ದರು, ಸೊಪ್ಪಿನ ಮಂಕರಿ ಹೊತ್ತ ಆಳಿಗೆ ಬೈಯುತ್ತ. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

"ಬಂದ್ಯಾ? ನಿಂಗೆ ದಾರಿ ಮರ್ತುಹೋಗಿತ್ತು ಅನ್ಕೊಂಡಿದ್ದೆ."

ಕ್ಷೇಮಸಮಾಚಾರ ಆಯಿತು. ನಾನು ಬಂದದ್ದು ಯಾಕೆ ಎಂದು ಸುತ್ತಿ ಬಳಸಿ ಹೇಳಿದೆ: ಮೇಷ್ಟ್ರ ಆ ಕಥೆ ಇದೆಯೇ, ಅವರು ಓದುತ್ತಿದ್ದ ಪುಸ್ತಕಗಳು, ಹುಳು ಮನೆಯಲ್ಲಿ ಇಟ್ಟಿದ್ದ ಪೆಟ್ಟಿಗೆ...

"ಯಾವ ಪೆಟ್ಟಿಗೆ?"

"ಒಳಗೆ... ಪುಸ್ತಕ ಇಟ್ಟಿದ್ರಲ್ಲ ಅಮ್ಮ."

ಆಕೆ ನನ್ನನ್ನು ದಿಟ್ಟಿಸಿ ನೋಡಿದರು. "ಇಷ್ಟು ವರ್ಷ ಆದ್ಮೇಲೂ ಅದೇ ಅನುಮಾನನಾ ನಿಂಗೆ? ಏಳು. ಕಾಲು ತೊಳ್ಕೋ. ಬಂದು ಕಣ್ಣಾರೆ ನೋಡ್ಕೊಂಡು ಹೋಗು, ನಿನ್ನ ಪೆಟ್ಟಿಗೆ ಎಲ್ಲಿದೆ ಅಂತ." ಬಾಗಿಲಲ್ಲಿ ಮತ್ತೆ ತಿರುಗಿ, "ಸದ್ದು ಮಾಡ್ಬೇಡ. ಇವತ್ತು ಜ್ವರಕ್ಕೆ ಕೂತವೆ," ಎಂದರು.

ಹುಳು ಪೊರೆ ಬಿಡುವ ಮುನ್ನ ತಿನ್ನುವುದು ನಿಲ್ಲಿಸಿ ಕೂರುವುದನ್ನು ಸಾಕುವವರು ಜ್ವರ ಎನ್ನುತ್ತಾರಂತೆ. ಅದು ನನಗೆ ಅವತ್ತೇ ತಿಳಿದದ್ದು. ಬಾಗಿಲ ಬಳಿ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಸಿದ ಗೋಣಿಚೀಲ ತುಳಿದು, ಪರದೆ ಸರಿಸಿ, ಜೀವನದಲ್ಲಿ ಮೊದಲ ಸಲ ಆ ಕೋಣೆಯೊಳಗೆ ಹೋದೆ. ಸಾಲು ಸಾಲು ಬಿದಿರಿನ ತಟ್ಟೆಗಳು. ಕಿಟಕಿಯ ಬೆಳಕು ಮಂದವಾಗಿತ್ತು. ಸಾವಿರಾರು ಹುಳುಗಳು, ಎಲ್ಲಿದ್ದವು ಅಲ್ಲೇ, ಮೈಯ ಮುಂಭಾಗ ಎತ್ತಿ, ತಲೆ ಮೇಲೆ ಮಾಡಿಕೊಂಡು ನಿಂತಿದ್ದವು. ಒಂದೂ ಅಲುಗುತ್ತಿರಲಿಲ್ಲ. ಅವುಗಳ ಮೇಲೆಲ್ಲ ಬಿಳಿ ಸುಣ್ಣದ ಪುಡಿ ಉದುರಿಸಿತ್ತು.

"ಒಂದು ದಿನ ಹಿಂಗೇ ಇರ್ತವೆ," ಎಂದು ಅಮ್ಮ ಪಿಸುಗುಟ್ಟಿದರು. "ಎದ್ಮೇಲೆ ಎಷ್ಟು ಹಾಕಿದ್ರೂ ಸಾಲಲ್ಲ. ನಾಕು ಸಲ ಹಿಂಗೆ ಕೂತ್ಕೊಂತವೆ." ಮಾತಾಡುತ್ತಲೇ ಬಗ್ಗಿ, ಬಣ್ಣಗೆಟ್ಟ ಒಂದು ಹುಳುವನ್ನು ಕಡ್ಡಿಯಿಂದ ಎತ್ತಿ ಬೇರೆ ಬೋಸಿಗೆ ಹಾಕಿದರು. ಬಹಳ ಹುಷಾರಾಗಿ, ಪಕ್ಕದವು ಎಚ್ಚರವಾಗದ ಹಾಗೆ.

ಪೆಟ್ಟಿಗೆ ಇರಲಿಲ್ಲ. ಮೂಲೆಯಲ್ಲಿ ಒಂದು ಮೊಳೆಗೆ ನೂಲು ಕಟ್ಟಿ ನೋಟ್‌ಬುಕ್ ನೇತುಹಾಕಿತ್ತು. ಶಾಖ, ತೇವ, ಸೊಪ್ಪು ಹಾಕಿದ ಹೊತ್ತು ಬರೆಯುವುದು. ಈಗ ಮೈದುನನ ಸೊಸೆ ಬರೆಯುತ್ತಾಳಂತೆ. ಹಿಂದೆ ಮೇಷ್ಟ್ರು ಬರೆಯುತ್ತಿದ್ದರು. ಹುಳು ತರುವ ಮುಂಚೆ ರೋಗ ಬಾರದಿರಲೆಂದು ಕೋಣೆಗೆ ಫಾರ್ಮಲಿನ್ ಹೊಡೆಯುತ್ತಾರಂತೆ, ಅದರ ವಾಸನೆ ಆ ಹಾಳೆಗಳಿಗೂ ಹತ್ತಿತ್ತು.

ಶಿಡ್ಲಘಟ್ಟದ ಕಡೆಯ ಯಾವ ಮಗುವಿಗೂ ಆ ಕಥೆಯ ಮೊದಲ ಪುಟದಲ್ಲೇ ಎಲ್ಲ ತಿಳಿದುಬಿಡುತ್ತಿತ್ತು. ಪಟ್ಟಣದ ಗುಮಾಸ್ತರ ಮಗನಾದ ನಾನು, ಆ ಜಗಲಿಯಲ್ಲಿ ಅಷ್ಟು ವರ್ಷ ಕೂತು, ಅವರ ಕಥೆಯ ಖಳನನ್ನು ನಕ್ಷತ್ರಗಳ ಆಚೆ ಹುಡುಕಿದೆ. ಅವನು ಕೈ ತೊಳೆದು ಬಂದು ನನ್ನ ಪಕ್ಕದಲ್ಲೇ ಕೂರುತ್ತಿದ್ದ, ಬಹಳ ಅಕ್ಕರೆಯವನು. ಗೂಡು ಕಟ್ಟಿದ ಮೇಲೆ ಹುಳುವನ್ನು ನೂಲಿಗಾಗಿ ಗೂಡಿನ ಸಮೇತ ಕುದಿಸುತ್ತಾರೆ ಎಂದು ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಮೇಷ್ಟ್ರಿಗೂ ಗೊತ್ತಿತ್ತು. ಪಶ್ಚಿಮದ ಆ ಜೀವಿಗಳಿಗೆ ನಾವು ಕಾಣುವುದೇ ಇಲ್ಲ, ಅದೇ ಅವುಗಳ ಭಯ. ಇವರ ಜೀವಿ ಒಂದೊಂದು ತಲೆಯನ್ನೂ ನೋಡಿ, ರೋಗ ಬಂದದ್ದನ್ನು ಆರಿಸಿ, ಗಾಳಿ ಸದ್ದು ತಡೆದು ಕಾಯುತ್ತದೆ. ಈ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಖಳರ ಮೇಲೆ ಡಾಕ್ಟರೇಟ್ ಪಡೆದ ನನಗೆ ಹೊಳೆದಿರಲಿಲ್ಲ.

ಹೊರಗೆ ಬಂದು, ಆ ಹಾಳೆಗಳು ಎಲ್ಲಿವೆ ಅಮ್ಮ, ಎಂದು ಕೇಳಿದೆ.

"ವಾಪಸ್ ಬಂತಲ್ಲ, ಆ ಸಲದ ಹುಳಿನ ಬೆಳೆಗೇ ಹಾಕ್ಬಿಟ್ರು. ತಟ್ಟೆಗೆ ಹಳೇ ಪೇಪರ್ ಹಾಸ್ತೀವಲ್ಲ, ಅದ್ರ ಜೊತೆ. ಅಯ್ಯೋ ಬರೆದಿದ್ದು ಅಂತ ನಾನಂದ್ರೆ, ಅವುಗಳ ಕಥೆ ಅವುಗಳಿಗೇ ಇರ್ಲಿ ಬಿಡು ಅಂದ್ರು." ಮಂಕರಿ ಪಕ್ಕಕ್ಕೆ ಸರಿಸಿ, "ಆಮೇಲೆ ಬರೀಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಶಾಖ ಎಷ್ಟು, ತೇವ ಎಷ್ಟು, ಅಷ್ಟೇ," ಎಂದರು.

ನನ್ನ ಪತ್ರದ ವಿಷಯ ಮೇಷ್ಟ್ರಿಗೆ ಗೊತ್ತಿತ್ತೇ ಎಂದು ಕೇಳಬೇಕೆಂದು ಬಾಯಿ ತೆರೆದೆ. ಅಮ್ಮ ಎದ್ದು, "ಊಟ ಮಾಡ್ಕೊಂಡು ಹೋಗು. ನಿನ್ನ ಕೈಗೆ ಕೊಟ್ಟಿದ್ರು ಅವ್ರು, ನೆನಪಿದ್ಯಾ? ನಂಬಿಕೆ ಇರೋರ ಕೈಗೆ ಅಂತ," ಎಂದು ಒಳಗೆ ಹೋದರು. ಅದು ಬರಿಯ ನೆನಪೋ, ತೀರ್ಪೋ ತಿಳಿಯಲಿಲ್ಲ. ಮುದ್ದೆ, ಹುರುಳಿಕಾಳಿನ ಸಾರು ಹಾಕಿದರು. ಉಂಡೆ.

ಇಷ್ಟರ ಮೇಲೂ ನನ್ನ ಬುದ್ಧಿ ಸುಮ್ಮನಿರಲಿಲ್ಲ. ಹುಳು ನೋಡಿಯೂ ಒಬ್ಬ ಪುಸ್ತಕದಿಂದ ಕದಿಯಬಹುದು. ಗಂಡನ ಮಾತನ್ನು ಹೆಂಡತಿ ಇಷ್ಟು ವರ್ಷದಲ್ಲಿ ಚಂದ ಮಾಡಿಕೊಂಡಿರಬಹುದು. ತಪ್ಪು ನನ್ನದೇ ಎಂದುಕೊಳ್ಳುವುದರಲ್ಲೂ ಒಂದು ಬಗೆಯ ಸುಖವಿದೆ, ಅದನ್ನೂ ನಂಬಬಾರದು. ಹಾಗಾಗಿ ಎಂ.ಎ. ಕಾಲದಿಂದ ಪ್ರಬಂಧ ಮುಗಿಯುವವರೆಗೆ ನಾನು ಓದಿದ ಅಷ್ಟೂ ಪುಸ್ತಕಗಳನ್ನು ಈ ಬೇಸಿಗೆಯಲ್ಲಿ ಮತ್ತೆ ತಿರುವಿದೆ. ಹಳೆಯ ಟಿಪ್ಪಣಿಗಳನ್ನೂ ನೋಡಿದೆ. ಮುಳುಗಿದ ನಗರಗಳು ಸಿಕ್ಕವು, ಹೆಸರಿಲ್ಲದ ಬಣ್ಣಗಳು, ಹುಚ್ಚು ಹಿಡಿದ ಪ್ರೊಫೆಸರುಗಳು ಸಿಕ್ಕರು. ತಲೆ ಎತ್ತಿ ನಿಂತ ಊರು ಎಲ್ಲಿಯೂ ಸಿಗಲಿಲ್ಲ. ಸಿಗದಿರುವುದು ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ, ನನಗೆ ಗೊತ್ತು. ಆದರೆ ಎಲ್ಲೋ ಓದಿದ್ದೇನೆ ಎಂಬ ಆ ಬಲವಾದ ನೆನಪು ಎಲ್ಲಿಂದ ಬಂದಿತ್ತು ಎಂಬುದಕ್ಕೆ ನನ್ನ ಬಳಿ ಒಂದೇ ವಿವರಣೆ ಉಳಿದಿದೆ: ಅಸೂಯೆಗೆ ಬೇಕಾದ ಸಾಕ್ಷಿಯನ್ನು ನೆನಪು ಒದಗಿಸಿಕೊಟ್ಟಿತ್ತು. ಒಂದು ಒಳ್ಳೆಯ ಕಥೆ ಹೋಯಿತು. ಅದನ್ನು ಬರೆದವರು ಹೋದರು. ಈಗ ಅದು ಇರುವುದು ನಾನು ಮೇಲೆ ಬರೆದ ಸಾರಾಂಶದಲ್ಲಿ. ಅದರಲ್ಲಿ ಅವರ ಒಂದು ವಾಕ್ಯವೂ ಸರಿಯಾಗಿ ಉಳಿದಿಲ್ಲ.

ಕೊನೆಗೆ ಆ ವಿಶೇಷಾಂಕವನ್ನೇ ಹುಡುಕಿದೆ. ಅದನ್ನು ನಾನು ಕೊಂಡಿರಲಿಲ್ಲ, ನೋಡಿಯೂ ಇರಲಿಲ್ಲ ಎಂದೇ ಇಷ್ಟು ದಿನ ನನ್ನ ತಿಳಿವಳಿಕೆ. ಕಳೆದ ತಿಂಗಳು ಬೆಂಗಳೂರಿನ ಒಂದು ಗ್ರಂಥಾಲಯದಲ್ಲಿ ಧೂಳು ಹಿಡಿದ ಕಟ್ಟಿನಿಂದ ಅದನ್ನು ತೆಗೆಸಿದೆ. ಪರಿವಿಡಿಯಲ್ಲಿ ನನ್ನ ಹೆಸರಿತ್ತು. ಹೆಸರು ಕಂಡ ಮೇಲೆ ಒಂದೊಂದಾಗಿ ನೆನಪಾಯಿತು: ಸಂಪಾದಕರ ಫೋನು, ಒಂದು ಕಥೆ ಕೈಬಿಟ್ಟೆವು, ಪುಟ ಖಾಲಿ ಉಳಿದಿದೆ, ಖಳರ ಮೇಲೆ ಏನಾದರೂ ಕೊಡಿ ಎಂದದ್ದು, ನಾನು ಎರಡು ದಿನದಲ್ಲಿ ಬರೆದುಕೊಟ್ಟದ್ದು. ಲೇಖನದ ಮೂರನೆಯ ಪ್ಯಾರಾದಲ್ಲಿ ಒಂದು ಉದಾಹರಣೆ ಇದೆ. "ಒಂದು ವಿದೇಶಿ ಕಥೆಯಲ್ಲಿ ಇಡೀ ಊರಿನ ಜನ ಒಂದು ಮಧ್ಯಾಹ್ನ ತಲೆ ಎತ್ತಿ ನಿಂತುಬಿಡುತ್ತಾರೆ. ಅವರನ್ನು ಕಾಯುತ್ತಿರುವುದಕ್ಕೆ ಅವರ ಮೇಲೆ ಸಿಟ್ಟಿಲ್ಲ." ಯಾವ ಕಥೆ, ಯಾರದು ಎಂದು ಬರೆದಿಲ್ಲ. ಆ ಪುಟದ ಫೋಟೊ ತೆಗೆದುಕೊಂಡು ಬಂದು, ಮನೆಯಲ್ಲಿ ಇನ್ನೊಮ್ಮೆ ಓದಿ ನೋಡಿದೆ. ಇದೊಂದು ಮಾತ್ರ ಖಚಿತ: ಮೇಷ್ಟ್ರ ಕಥೆಯಲ್ಲಿ ಅಚ್ಚಾಗಿ ಉಳಿದಿರುವುದು ಆ ಎರಡು ವಾಕ್ಯ, ಅವು ನನ್ನ ಹೆಸರಿನಲ್ಲಿವೆ.